ಗಂಜಿ ಕೊಟ್ಟ ಕೈ

“ಮುಟ್ಟಬ್ಯಾಡ ಅವಳ್ನ! ಕೈ ತೆಗಿ ಅಂದ್ರೆ ತೆಗಿ! ಏನ್ ಹಾಕಿದ್ಯೇ ಆ ಗಂಜೀಲಿ?”

ಪಾತಮ್ಮ ಕೂಗುತ್ತಲೇ ನನ್ನ ಕೈಲಿದ್ದ ಬಟ್ಟಲಿಗೆ ಹೊಡೆದಳು. ಉಳಿದಿದ್ದ ಅರ್ಧ ಗಂಜಿ ಗೋಡೆಗೆ ಸಿಡಿಯಿತು. ನನ್ನ ಮೊಣಕೈಗೂ ಬಿದ್ದು ಚುರ್ ಅಂದಿತು.

“ಅಕ್ಕಿ ಹಾಕಿದೀನಿ, ಉಪ್ಪು ಹಾಕಿದೀನಿ. ಒಲೆ ಮುಂದೆ ನೀನೇ ಕುಂತಿದ್ಯಲ್ಲ, ಕಣ್ಣೇನು ಕೋಳಿ ಕುಕ್ಕಿತ್ತಾ?”

“ಉಪ್ಪು ಹಾಕೋ ಕೈಗೆ ಇನ್ನೊಂದು ಹಾಕಕ್ಕೆ ಎಷ್ಟೊತ್ತು ಬೇಕು? ಅಲ್ನೋಡು, ನನ್ನ ಮಗಳ ಮುಖ ನೋಡು!”

ನೋಡಿದೆ. ಪಾತಮ್ಮನ ಮಗಳು, ಅಂದರೆ ನನ್ನ ತಮ್ಮ ಜಂಪಣ್ಣನ ಹೆಂಡತಿ ಮಾಲಾ, ಮಂಚದ ಮೇಲೆ ಬಿಗಿದುಕೊಂಡು ಕೂತಿದ್ದಳು. ಕತ್ತು ಎಡಕ್ಕೆ ತಿರುಚಿ ಗದ್ದ ಭುಜಕ್ಕೆ ಅಂಟಿತ್ತು. ಕಣ್ಣುಗುಡ್ಡೆಗಳು ಮೇಲಕ್ಕೆ ಹೋಗಿ ತೊಲೆ ನೋಡುತ್ತಿದ್ದವು. ನಾಲಗೆ ತಾನಾಗಿ ಹೊರಗೆ ಬರುತ್ತಿತ್ತು, ಒಳಗೆ ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಪ್ರಜ್ಞೆ ಮಾತ್ರ ತಪ್ಪಿರಲಿಲ್ಲ. ನಾವು ಬೈದಾಡಿದ್ದೆಲ್ಲ ಅವಳಿಗೆ ಕೇಳುತ್ತಿತ್ತು, ಕಣ್ಣಂಚಿನಿಂದ ನೀರು ಇಳಿಯುತ್ತಿತ್ತು.

“ಮದ್ದು ಇಕ್ಕಿದೀಯ,” ಅಂದಳು ಪಾತಮ್ಮ. ಈ ಸಲ ಕೂಗಲಿಲ್ಲ. ಮೆಲ್ಲಗೆ ಅಂದಳು.

ನಮ್ಮ ಕಡೆ ಈ ಮಾತು ಒಬ್ಬಳ ಮೇಲೆ ಬಿದ್ದರೆ ತೊಳೆದುಕೊಳ್ಳುವುದು ಕಷ್ಟ. ಆಗದವರು ಊಟದಲ್ಲಿ ಗುಟ್ಟಾಗಿ ಏನೋ ಬೆರೆಸುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಆಳನ್ನು ಸವೆಸುತ್ತದೆ, ವಾಂತಿ ಮಾಡಿಸಿ ತೆಗೆಸದಿದ್ದರೆ ಉಳಿಗಾಲವಿಲ್ಲ ಅಂತ ನಂಬುತ್ತಾರೆ. ಮದ್ದು ಇಕ್ಕುವವಳು ಅಂತ ಹೆಸರು ಬಂದವಳ ಕೈಯಿಂದ ಯಾರೂ ನೀರು ಕೂಡ ಕುಡಿಯುವುದಿಲ್ಲ.

ನಾನು ಮೂಗಮ್ಮ. ಗಂಡ ಸತ್ತ ಮೇಲೆ ಕೊಂಡ್ಲಹಳ್ಳಿಯ ತವರುಮನೆಗೆ ಬಂದು ತಮ್ಮನ ಜೊತೆಗೇ ಇದ್ದೆ. ತಮ್ಮ ಮನೆಯಲ್ಲೇ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ರೇಷ್ಮೆ ಸೀರೆ ನೇಯುತ್ತಿದ್ದ. ನಾನು ಹುಣಸೆಹಣ್ಣು ಬಿಡಿಸುವುದು, ಶೇಂಗಾ ಕೀಳುವುದು, ಸಿಕ್ಕ ಕೂಲಿಗೆ ಹೋಗುತ್ತಿದ್ದೆ. ಮಾಲಾಗೆ ಎದೆಯಲ್ಲಿ ಗಂಟು ಕಂಡು, ಅದು ಕ್ಯಾನ್ಸರ್ ಅಂತ ಬೆಂಗಳೂರಿನಲ್ಲಿ ಹೇಳಿ ಆಪರೇಷನ್ ಮಾಡಿದಾಗ ಆಸ್ಪತ್ರೆಯ ವರಾಂಡದಲ್ಲಿ ಮಲಗಿದ್ದವಳು ನಾನು. ಆಮೇಲೆ ಮೂರು ವಾರಕ್ಕೊಂದು ಬಾಟ್ಲಿ ಇಂಜೆಕ್ಷನ್ ಶುರು ಮಾಡಿದರು. ಒಂದೂ ತಪ್ಪಿಸಬಾರದು, ತಪ್ಪಿಸಿದರೆ ರೋಗ ಮತ್ತೆ ಎದ್ದು ಕೂರುತ್ತದೆ ಅಂತ ಅಲ್ಲಿನ ಡಾಕ್ಟರಮ್ಮ ಜಂಪಣ್ಣನ ಎದುರಿಗೇ ಹೇಳಿದ್ದರು. ಅವನು ಮಗ್ಗ ಬಿಟ್ಟರೆ ಒಲೆ ಉರಿಯುವುದಿಲ್ಲ. ಹಾಗಾಗಿ ಕರೆದುಕೊಂಡು ಹೋಗುವುದು ಬರುವುದು, ಅಡಿಗೆ, ಮಾತ್ರೆ, ಎಲ್ಲ ನನ್ನ ಕೈ ಮೇಲೆ. ಏಳನೇ ಕ್ಲಾಸು ಓದಿದ್ದೇನೆ, ಚೀಟಿ ಓದಲು ಬರುತ್ತದೆ.

ಇಂಜೆಕ್ಷನ್ ಕೊಟ್ಟ ದಿನದಿಂದ ವಾಂತಿ ಹಿಡಿಯುತ್ತಿತ್ತು. ಅದಕ್ಕೆ ಒಂದು ಸಣ್ಣ ಬಿಳಿ ಮಾತ್ರೆ ಕೊಟ್ಟಿದ್ದರು. ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗಿಸಬೇಕು. ನುಂಗಿಸುತ್ತಿದ್ದೆ, ಆಮೇಲೆ ಗಂಜಿ ಕುಡಿಸುತ್ತಿದ್ದೆ. ಮೊದಲ ಇಂಜೆಕ್ಷನ್ ಆದಾಗ ವಾಂತಿ ತಗ್ಗಿತು, ಆದರೆ ಮಾಲಾ ಕೂತಲ್ಲಿ ಕೂರಳು. “ಅಕ್ಕ, ಕಾಲಿನೊಳಗೆ ಇರುವೆ ಹರದಂಗಾಗ್ತೈತೆ” ಅಂತ ಅಂಗಳದ ಉದ್ದಕ್ಕೂ ತಿರುಗುತ್ತಿದ್ದಳು. “ಬಿದ್ದುಗಿದ್ದೀಯ, ಸುಮ್ನೆ ಮಲಕ್ಕೋ” ಅಂತ ಗದರಿದೆ. ಎರಡನೇ ಇಂಜೆಕ್ಷನ್ ಆಗಿ ಊರಿಗೆ ಬಂದ ಮಾರನೇ ದಿನ ಗಂಜಿ ಕುಡಿದ ಸ್ವಲ್ಪ ಹೊತ್ತಿಗೆ ಕತ್ತು ತಿರುಗಿತು. ಸಂಜೆಗೆ ತಾನಾಗಿ ಸಡಿಲವಾಯಿತು. ಸುದ್ದಿ ಕೇಳಿ ಪಾತಮ್ಮ ದೊಡ್ಡಉಳ್ಳಾರ್ತಿಯಿಂದ ಬಂದಳು. ಬಂದವಳ ಕಣ್ಣೆದುರಿಗೇ ಇವತ್ತು ಮತ್ತೆ ತಿರುಗಿದೆ.

ಪಾತಮ್ಮನ ಅನುಮಾನಕ್ಕೆ ಬೇರೂ ಇತ್ತು. ಜಂಪಣ್ಣನಿಗೆ ಹೆಣ್ಣು ನೋಡುವಾಗ ನನ್ನ ಗಂಡನ ಅಣ್ಣನ ಮಗಳು ಸುನಿತಾಳನ್ನು ತರೋಣ ಅಂತ ನಾನು ಹೇಳಿದ್ದು ನಿಜ. ಅವನು ಮಾಲಾಳನ್ನು ಒಪ್ಪಿದ, ಮುಗಿಯಿತು. ಸುನಿತಾಗೆ ಇನ್ನೂ ಮದುವೆಯಾಗಿರಲಿಲ್ಲ. ಅಷ್ಟು ಸಾಕಾಯಿತು ಬೀಗಿತ್ತಿಗೆ.

“ನನ್ನ ಮಗಳನ್ನ ಎತ್ತಿ ಹಾಕಿ ಆ ಹುಡುಗೀನ ತಂದು ಕೂರಿಸ್ಬೇಕು ಅಂತ ತಾನೆ?”

“ಹೂಂ, ತೇರಲ್ಲಿ ಕೂರಿಸ್ಕೊಂಡು ಬರ್ತೀನಿ. ಬಾಯಿ ಮುಚ್ಚು!”

“ಅಕ್ಕ, ಅತ್ತೆ, ಇಬ್ರೂ ಸುಮ್ಕಿರಿ,” ಅಂದ ಜಂಪಣ್ಣ ಮಗ್ಗದ ಗುಂಡಿಯಿಂದಲೇ. “ಸ್ವಲ್ಪ ದಿನ ಅತ್ತೇನೇ ಅಡಿಗೆ ಮಾಡ್ಲಿ ಬಿಡಕ್ಕ. ಅವ್ರಿಗೂ ಸಮಾಧಾನ.”

ತಮ್ಮ ನನ್ನ ಮುಖ ನೋಡದೆ ಅಂದ. ನೋಡಿ ಅಂದಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಅವತ್ತೂ ಸಂಜೆಗೆ ಮಾಲಾಳ ಕತ್ತು ತಾನಾಗಿ ಸಡಿಲವಾಯಿತು. ಆದರೆ ಅವತ್ತಿನಿಂದ ಆ ಮನೆಯಲ್ಲಿ ಎಲ್ಲರೂ ಎಲ್ಲರ ಮೇಲೂ ಕಣ್ಣಿಡತೊಡಗಿದರು. ನಾನು ಮಾಲಾಳ ಕೋಣೆಗೆ ಹೋದರೆ ಮಗ್ಗದ ಸದ್ದು ನಿಲ್ಲುತ್ತಿತ್ತು. ಹೊರಗೆ ಬಂದರೆ ಮತ್ತೆ ಶುರುವಾಗುತ್ತಿತ್ತು. ಪಾತಮ್ಮ ನೀರಿನ ಕೊಡಕ್ಕೆ ತಟ್ಟೆ ಮುಚ್ಚಿ ಅದರ ಮೇಲೆ ಒರಳಿನ ಗುಂಡು ಇಟ್ಟಳು. ನಮ್ಮ ಮನೆಯಿಂದ ಮೊಸರಿಗೆ ಹೆಪ್ಪು ಒಯ್ಯುತ್ತಿದ್ದ ಪಕ್ಕದ ಮನೆಯ ನಿಂಗಕ್ಕ ಬರುವುದು ಬಿಟ್ಟಳು. ಬಾವಿ ಹತ್ತಿರ ಸಿಕ್ಕಾಗ ಕೇಳಿಯೇ ಬಿಟ್ಟೆ.

“ಏನ್ ನಿಂಗಕ್ಕ, ಈಗ ಹೆಪ್ಪಿಲ್ದೆ ಹಾಲು ತಾನೇ ಗಟ್ಟಿಯಾಗ್ತೈತಾ?”

“ಇಲ್ಲ ಕಣವ್ವ, ನಮ್ಮನೆಯೋರು ಮೊಸರು ಬಿಟ್ಟವ್ರೆ, ಶೀತ ಆಗ್ತೈತೆ ಅಂತ,” ಅಂದಳು. ಅವಳ ಗಂಡ ಬೆಳಿಗ್ಗೆ ಮೊಸರಿಲ್ಲದೆ ರೊಟ್ಟಿ ಮುಟ್ಟದವನು.

ಪಾತಮ್ಮ ಅಡಿಗೆ ಶುರು ಮಾಡಿದ ಮೇಲೆ ಮಾಲಾಳ ಕತ್ತು ತಿರುಗಲಿಲ್ಲ. ಒಂದು ದಿನವೂ ಇಲ್ಲ. ಆದರೆ ವಾಂತಿ ಶುರುವಾಯಿತು. ಅಂಬಲಿ ಕುಡಿದರೆ ಅಂಬಲಿ, ನೀರು ಕುಡಿದರೆ ನೀರು. ಹಸಿರು ಪಿತ್ತ ಕಾರಿದಳು. ಬೇಸಿನ್ ಹಿಡಿದುಕೊಂಡು ಪಾತಮ್ಮ ಅದನ್ನು ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು.

“ಬರ್ಲಿ, ಬರ್ಲಿ. ಇಕ್ಕಿದ್ದೆಲ್ಲ ಬರ್ಲಿ.”

“ಅದು ಇಂಜೆಕ್ಷನ್ನಿಂದ ಬರೋ ವಾಂತಿ ಕಣೇ. ಮಾತ್ರೆ ಕೊಡ್ತಿದ್ದೀಯ ತಾನೆ?”

“ಕೊಡ್ತಿದೀನಿ. ನೀನು ನೋಡ್ಬೇಕಾಗಿಲ್ಲ.”

ಕೊಟ್ಟರೆ ವಾಂತಿ ಯಾಕೆ ನಿಲ್ಲಲಿಲ್ಲ? ನನ್ನ ತಲೆಯೂ ಆಗ ನೆಟ್ಟಗೆ ಓಡುತ್ತಿರಲಿಲ್ಲ. ಮಗಳನ್ನು ತನ್ನ ಊರಿಗೆ ಎಳೆದುಕೊಂಡು ಹೋಗಲು ಈ ಮುದುಕಿ ಏನು ಬೇಕಾದರೂ ಮಾಡುತ್ತಾಳೆ ಅನ್ನಿಸಿತು. ಊರಿಗೆ ಆ ವರ್ಷ ಎಸ್‌ಟಿಡಿ ಬೂತು ಬಂದಿತ್ತು. ಬೆಂಗಳೂರಿನ ಆಸ್ಪತ್ರೆಗೆ ಫೋನು ಹಚ್ಚಿಸಿದೆ. ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಅವರು ಯಾರಿಗೋ ಕೊಟ್ಟರು, ಲೈನು ಹೋಯಿತು.

ಅದೇ ವಾರ ಪಾತಮ್ಮ ರಾಯದುರ್ಗದ ಕಡೆಯಿಂದ ಜಂಬುಲಿಂಗಪ್ಪನನ್ನು ಕರೆಸಿದಳು. ಮದ್ದು ತೆಗೆಯುವುದರಲ್ಲಿ ಅವನಿಗೆ ಆಂಧ್ರ ಗಡಿಯ ಎರಡೂ ಕಡೆಯ ಹಳ್ಳಿಗಳಲ್ಲಿ ಹೆಸರಿತ್ತು. ಯಾವುದೋ ಸೊಪ್ಪಿನ ರಸವನ್ನು ಮಾಲಾಳ ಅಂಗೈಗೆ ಬಿಟ್ಟು ಕಾದ. ರಸ ಗಟ್ಟಿಯಾಯಿತು.

“ಮಂದು ಪೆಟ್ಟಾರಮ್ಮ,” ಅಂದ ತೆಲುಗಿನಲ್ಲಿ. ಆಮೇಲೆ ಕನ್ನಡದಲ್ಲೂ ಹೇಳಿದ, ನನಗೆ ಅರ್ಥವಾಗಲಿ ಅಂತಲೋ ಏನೋ. “ಮದ್ದು ಬಿದ್ದೈತೆ. ಒಳ್ಳೇ ಗಟ್ಟಿ ಕೈಯೇ ಇಕ್ಕೈತೆ. ಅಮಾಸೆ ದಿನ ಬರ್ತೀನಿ, ರಸ ಕುಡಿಸಿ ಕಕ್ಕಿಸ್ತೀನಿ. ಅಲ್ಲೀವರ್ಗೆ ವಾಂತಿ ನಿಲ್ಲೋ ಮಾತ್ರೆ ಕೊಡಬ್ಯಾಡ್ರಿ. ಅದು ಒಳಗೇ ಹಿಡಿದಿಟ್ಕೊಳ್ತೈತೆ.”

“ನನ್ನ ಅಂಗೈಗೂ ಬಿಡಯ್ಯ ನಿನ್ನ ರಸ,” ಅಂತ ಕೈ ಚಾಚಿದೆ. “ನಂಗೂ ಗಟ್ಟಿಯಾದ್ರೆ ನಂಗ್ಯಾರು ಇಕ್ಕಿದ್ರು ಅಂತ ಹೇಳು.”

“ಇಕ್ಕಿದೋರಿಗೆ ನೋಡಬಾರದಮ್ಮ,” ಅಂದ. ಪಾತಮ್ಮ ತಲೆಯಾಡಿಸಿದಳು. ಜಂಪಣ್ಣ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಮತ್ತೆ ಮಗ್ಗಕ್ಕೆ ಹೋದ.

ಮೂರನೇ ಇಂಜೆಕ್ಷನ್ನಿನ ದಿನ ಹತ್ತಿರ ಬರುತ್ತಿತ್ತು. ಮಾಲಾ ಎದ್ದು ಬಚ್ಚಲಿಗೆ ಹೋಗಲು ಗೋಡೆ ಹಿಡಿಯಬೇಕಿತ್ತು. ಹೀಗಿದ್ದವಳನ್ನು ಬಸ್ಸಿನಲ್ಲಿ ಕೂರಿಸುವುದು ಹೇಗೆ, ಕೂರಿಸಿದರೂ ಆ ಆಸ್ಪತ್ರೆಯವರು ಇಂಜೆಕ್ಷನ್ ಕೊಡುತ್ತಾರಾ ಅಂತ ನನಗೆ ಹೆದರಿಕೆ ಹತ್ತಿತು. ಬಚ್ಚಲು ತೊಳೆಯುವಾಗ ನೀರು ಹೋಗುವ ತೂತಿನ ಹತ್ತಿರ ಬಿಳಿಯ ಮಾತ್ರೆ ಕಂಡಿತು. ಅರ್ಧ ಕರಗಿ ಕಲ್ಲಿಗೆ ಅಂಟಿತ್ತು. ಪಕ್ಕದಲ್ಲಿ ಇನ್ನೊಂದು.

ಎರಡನ್ನೂ ಕೆರೆದು ಅಂಗೈಯಲ್ಲಿ ಹಿಡಿದುಕೊಂಡು ಹೋಗಿ ಪಾತಮ್ಮನ ಮುಖದ ಮುಂದೆ ಒಡ್ಡಿದೆ.

“ಕೊಡ್ತಿದೀನಿ ಅಂದ್ಯಲ್ಲ, ಬಚ್ಚಲಿಗೆ ಕೊಡ್ತಿದ್ಯಾ? ಹೆತ್ತ ಮಗಳನ್ನೇ ವಾಂತಿ ಮಾಡ್ಸಿ ಮಾಡ್ಸಿ ಕೊಲ್ತಿದ್ಯಲ್ಲೇ!”

“ನಾನು ಬಿಸಾಕಿಲ್ಲ. ಆ ಲಿಂಗಪ್ಪ ಹೇಳಿದ್ ಮ್ಯಾಲೂ ಕೊಟ್ಟಿದೀನಿ, ಅಳಿಯ ಬೈತಾನೆ ಅಂತ. ನನ್ನ ಮಕ್ಕಳಾಣೆ ಇಲ್ಲ.”

“ಮಕ್ಕಳಾಣೆ ಇಡಬ್ಯಾಡ. ಇರೋಳು ಒಬ್ಳೇ, ಅವಳ ಗತಿ ನೋಡ್ತಿದೀಯಲ್ಲ.”

ಈ ಸಲ ಜಂಪಣ್ಣ ಮಗ್ಗದಿಂದ ಎದ್ದು ಬಂದ. ಇಬ್ಬರನ್ನೂ ನಂಬದವನ ಹಾಗೆ ನೋಡಿದ. “ಮಾತ್ರೆ ನಾನು ಕೊಡ್ತೀನಿ. ಅಂಬಲಿ ಅತ್ತೆ ಮಾಡ್ಲಿ. ಅಕ್ಕ, ನೀನು ಒಲೆ ಕಡೆ ಬರಬ್ಯಾಡ, ಅಂಗಳದಲ್ಲಿ ಕೂತ್ಕೋ.”

ಕೂತೆ. ಅವನು ಮಾಲಾಳ ಬಾಯಿ ತೆಗೆಸಿ ಮಾತ್ರೆ ಇಟ್ಟು ನೀರು ಕುಡಿಸಿದ. ಅವಳು ತಲೆ ಅಲ್ಲಾಡಿಸಿ ಬೇಡ ಬೇಡ ಅಂದಳು. ಅವನು ಬಿಡಲಿಲ್ಲ. ಆಮೇಲೆ ಪಾತಮ್ಮ ಅಂಬಲಿ ಕುಡಿಸಿದಳು. ಮಧ್ಯಾಹ್ನದ ಬಿಸಿಲು ಅಂಗಳದ ಅರ್ಧಕ್ಕೆ ಬರುವಷ್ಟರಲ್ಲಿ ಒಳಗಿನಿಂದ ಪಾತಮ್ಮ ಚೀರಿದಳು. ನಾನು ಓಡಿದೆ. ಕತ್ತು ಮೊದಲಿಗಿಂತ ಕೆಟ್ಟದಾಗಿ ತಿರುಗಿತ್ತು. ದವಡೆ ಕಚ್ಚಿಕೊಂಡಿತ್ತು, ಬೆನ್ನು ಬಿಲ್ಲಿನಂತೆ ಬಾಗಿತ್ತು.

“ಈಗ ಯಾರ ಕೈಯೇ ಪಾತಮ್ಮ?” ಅಂತ ಕಿರುಚಿದೆ. “ಅಂಬಲಿ ಯಾರು ಮಾಡಿದ್ದು? ನಾನು ಅಂಗಳದಲ್ಲಿದ್ದೆ. ಈಗ ಹೇಳು, ಯಾರು ಇಕ್ಕಿದ್ದು?”

ಪಾತಮ್ಮ ತನ್ನ ಕೈಯನ್ನೇ ನೋಡಿಕೊಂಡಳು. ನಾನು ಆ ಹೊತ್ತಿನಲ್ಲಿ ಕರುಣೆ ತೋರಿಸುವವಳಾಗಿರಲಿಲ್ಲ. ಇನ್ನೂ ನಾಲ್ಕು ಮಾತು ಅಂದೆ.

ಜಂಪಣ್ಣ ಟೆಂಪೋ ತಂದ. ಮಾತ್ರೆಯ ಹಾಳೆಯನ್ನು ನಾನು ಸೆರಗಿನಲ್ಲಿ ಕಟ್ಟಿಕೊಂಡೆ. ಪಾತಮ್ಮ ಅದನ್ನು ಬದಲಾಯಿಸಿದ್ದರೆ ಡಾಕ್ಟರೇ ಹಿಡಿಯಲಿ ಅಂತ ನನ್ನ ಲೆಕ್ಕ. ಚಳ್ಳಕೆರೆಗೆ ಹೋಗುವ ದಾರಿಯಲ್ಲಿ ಮಾಲಾಳ ತಲೆ ನನ್ನ ತೊಡೆ ಮೇಲಿತ್ತು, ಕಾಲು ಅವಳ ತಾಯಿಯ ತೊಡೆ ಮೇಲೆ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಚಳ್ಳಕೆರೆಯ ಒಂದು ಸಣ್ಣ ನರ್ಸಿಂಗ್ ಹೋಮಿನ ಡಾಕ್ಟರು ಅವಳ ಕಣ್ಣು ನೋಡಿ, ದವಡೆ ಮುಟ್ಟಿ, “ಏನು ಮಾತ್ರೆ ಕೊಟ್ಟಿದೀರಿ?” ಅಂದರು.

ಪಾತಮ್ಮ, “ಮದ್ದು ಬಿದ್ದೈತೆ ಸ್ವಾಮಿ...” ಅಂತ ಶುರು ಮಾಡಿದಳು.

“ನಾನು ಕೇಳಿದ್ದು ಮಾತ್ರೆ.”

ಹಾಳೆ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. ನರ್ಸಿಗೆ ಏನೋ ಹೇಳಿ ರಕ್ತನಾಳಕ್ಕೆ ನಿಧಾನವಾಗಿ ಒಂದು ಇಂಜೆಕ್ಷನ್ ಕೊಟ್ಟರು. ನಾವು ನಿಂತೇ ಇದ್ದೆವು. ಮೊದಲು ನಾಲಗೆ ಒಳಗೆ ಹೋಯಿತು. ಆಮೇಲೆ ಕಣ್ಣು ಕೆಳಗಿಳಿದವು. ಸ್ವಲ್ಪ ಹೊತ್ತಿಗೆ ಬಿಗಿದ ಹಗ್ಗ ಬಿಟ್ಟ ಹಾಗೆ ಕತ್ತು ನೆಟ್ಟಗಾಯಿತು. ಮಾಲಾ ನೀರು ಕೇಳಿದಳು.

“ವಾಂತಿ ನಿಲ್ಲಿಸೋ ಈ ಮಾತ್ರೆ ಕೆಲವರಿಗೆ ಹೀಗೆ ಮಾಡುತ್ತೆ,” ಅಂದರು ಡಾಕ್ಟರು. “ಸಣ್ಣ ವಯಸ್ಸಿನವರಿಗೆ ಹೆಚ್ಚು. ಕಾಲು ಚಡಪಡಿಸುತ್ತೆ, ಕೂರೋಕಾಗಲ್ಲ, ಕತ್ತು ಕಣ್ಣು ತಿರುಗುತ್ತೆ. ಮಾತ್ರೆ ಕೆಟ್ಟದ್ದಲ್ಲ, ಇವಳಿಗೆ ಒಗ್ಗಲ್ಲ. ಇನ್ಮೇಲೆ ಮುಟ್ಟಿಸಬೇಡಿ. ಕಾಲು ಚಡಪಡಿಸಿದಾಗಲೇ ಬರಬೇಕಿತ್ತು.”

ಮಾಲಾ ಆಗ ಬಾಯಿ ಬಿಟ್ಟಳು. “ನಂಗೆ ಗೊತ್ತಿತ್ತು. ಅದನ್ನ ನುಂಗಿದ್ ಮ್ಯಾಲೇ ಹಂಗಾಗ್ತಿತ್ತು. ಅದಕ್ಕೇ ಬಾಯಲ್ಲಿ ಇಟ್ಕೊಂಡು ಬಚ್ಚಲಲ್ಲಿ ಉಗೀತಿದ್ದೆ.”

“ಹೇಳಕ್ಕೇನಾಗಿತ್ತೇ?” ಅಂದೆ.

“ನಿಂಗೆ ಹೇಳಿದ್ರೆ ಗದರ್ತಿದ್ದೆ. ಅವ್ವಂಗೆ ಹೇಳಿದ್ರೆ ಲಿಂಗಪ್ಪನ್ನ ಇನ್ನೂ ಬೇಗ ಕರೀತಿದ್ಳು.”

ಡಾಕ್ಟರು ಬೇರೆ ಮಾತ್ರೆ ಬರೆದರು. ಇದು ವಾಂತಿಗೆ ಗಟ್ಟಿ, ಕತ್ತು ತಿರುಗಿಸುವುದಿಲ್ಲ, ಆದರೆ ತಲೆನೋವು ಬರಬಹುದು, ಹೊಟ್ಟೆ ಕಟ್ಟಬಹುದು, ನೀರು ಹೆಚ್ಚು ಕುಡಿಸಿ, ಪಪ್ಪಾಯಿ ಹಣ್ಣು, ಸೊಪ್ಪು ತಿನ್ನಿಸಿ, ರಾತ್ರಿ ಹೊಟ್ಟೆ ಸಡಿಲಿಸುವ ಇಸಬ್‌ಗೋಲ್ ಪುಡಿ ಕೊಡಿ, ಹೊಟ್ಟೆ ಉಬ್ಬಿ ನೋವು ಬಂದರೆ ಮನೆಯಲ್ಲಿ ಕೂರಬೇಡಿ ಅಂದರು. ಎಲ್ಲರೂ ಕೇಳಿಸಿಕೊಂಡರು. ಪಾತಮ್ಮನೂ.

ವಾಪಸು ಬರುವಾಗ ಟೆಂಪೋದಲ್ಲಿ ಪಾತಮ್ಮ ಒಂದೇ ಮಾತು ಆಡಿದಳು. “ಡಾಕ್ಟ್ರು ಹೇಳ್ತಾರೆ. ಮದ್ದು ಇಲ್ಲ ಅಂತೇನೂ ಅವ್ರು ಹೇಳ್ಲಿಲ್ಲ.”

ಮೂರನೇ ಇಂಜೆಕ್ಷನ್ನಿಗೆ ಮಾಲಾಳನ್ನು ನಾನೇ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮನೂ ಹೊಸ ಮಾತ್ರೆಯನ್ನು ಒಪ್ಪಿ ಚೀಟಿಯ ಮೇಲೆ ಹಳೆಯದಕ್ಕೆ ಕೆಂಪು ಗೀಟು ಎಳೆದರು. ಬರುವಾಗ ಬಸ್ಸಿನಲ್ಲಿ ಮಾಲಾ ಒಂದು ಬನ್ನು ತಿಂದಳು, ಒಂದು ಸಲವೂ ಕಕ್ಕಲಿಲ್ಲ. ಅವತ್ತು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಮುಗಿಯಿತು, ಇನ್ನು ಉಳಿದ ಇಂಜೆಕ್ಷನ್ನುಗಳು ಹೀಗೇ ಸಲೀಸಾಗಿ ಆಗುತ್ತವೆ ಅಂದುಕೊಂಡೆ. ಅಡಿಗೆ ಮತ್ತೆ ನನ್ನ ಕೈಗೆ ಬಂತು. ಅಮಾವಾಸ್ಯೆಗೆ ಜಂಬುಲಿಂಗಪ್ಪ ಬಂದಾಗ ಜಂಪಣ್ಣ ಬಾಗಿಲಲ್ಲೇ ತಡೆದು ಕಳಿಸಿದ. ಪಾತಮ್ಮ ತನ್ನ ಊರಿಗೆ ಹೋಗಲಿಲ್ಲ. ಮೂಲೆಯಲ್ಲಿ ಕೂತು ನನ್ನ ಕೈ ಎಲ್ಲಿ ಹೋಗುತ್ತದೆ ಅಂತ ನೋಡುತ್ತಿದ್ದಳು, ಅಷ್ಟೇ.

ಡಾಕ್ಟರು ಹೇಳಿದಂತೆಯೇ ಆಯಿತು. ವಾಂತಿ ನಿಂತಿತು, ಹೊಟ್ಟೆ ಕಟ್ಟಿತು. ತಲೆ ಸಿಡಿಯುತ್ತದೆ ಅಂತ ಮಾಲಾ ಹಣೆಗೆ ಬಟ್ಟೆ ಬಿಗಿದುಕೊಂಡಳು. ಹೊಟ್ಟೆ ಕಲ್ಲಾಗಿದೆ ಅಂದಳು. ನಾನು ಪಪ್ಪಾಯಿ ಹೆಚ್ಚಿ ಕೊಟ್ಟರೆ ಎರಡು ಹೋಳು ತಿಂದು ತಟ್ಟೆ ಸರಿಸಿದಳು. ನೀರು ಕುಡಿ ಕುಡಿ ಅಂತ ಬೆನ್ನು ಹತ್ತಿದೆ.

“ಇದು ಆಗ್ತೈತೆ ಅಂತ ಅವ್ರೇ ಹೇಳಿದ್ರಲ್ಲೇ. ಹೊಟ್ಟೆ ಹೋದ್ರೆ ತಲೇನೂ ಹಗುರಾಗ್ತೈತೆ.”

“ಹೂಂ,” ಅಂದಳು. ನನ್ನನ್ನು ನೋಡಲಿಲ್ಲ.

ಸಂಜೆ ಪಾತಮ್ಮ ನಿಂಗಕ್ಕನ ಮನೆಗೆ ಹೋಗಿದ್ದಳು. ಜಂಪಣ್ಣ ಮಗ್ಗದಲ್ಲಿದ್ದ. ಬಿಸಿನೀರಿಗೆ ಇಸಬ್‌ಗೋಲ್ ಹಾಕಿ, ಗಂಟು ಕಟ್ಟದ ಹಾಗೆ ತಿರುವಿ, ಲೋಟ ತಂದು ಮಾಲಾಳ ಮುಂದೆ ಹಿಡಿದೆ. ಲೋಳೆಯಾದ ನೀರು. ಅವಳು ಅದರೊಳಗೆ ನೋಡಿದಳು. ಕೈ ಚಾಚಲಿಲ್ಲ.

“ಕುಡಿಯೇ, ಇನ್ನೂ ಗಟ್ಟಿಯಾದ್ರೆ ಕುಡಿಯಕ್ಕಾಗಲ್ಲ.”

ಅವಳು ಮಂಚದ ಅಂಚನ್ನು ಹಿಡಿದುಕೊಂಡಳು. ಬಹಳ ಮೆಲ್ಲಗೆ ಅಂದಳು, “ಅಕ್ಕ, ನೀನೊಂದ್ ಗುಟುಕು ಕುಡಿದು ಕೊಡಕ್ಕ.”

ಮಗ್ಗದ ಸದ್ದು ನಿಂತಿತ್ತು. ಜಂಪಣ್ಣ ಕೇಳಿಸಿಕೊಂಡಿದ್ದ. ಈಗಲಾದರೂ ಏನಾದರೂ ಅನ್ನುತ್ತಾನೇನೋ ಅಂತ ಕಾದೆ. ಹೆಂಡತಿಯನ್ನು ಬಯ್ಯಲಿ ಅಂತಲ್ಲ. “ಅಕ್ಕ” ಅಂದಿದ್ದರೂ ಸಾಕಿತ್ತು. ಗುಂಡಿಯಲ್ಲಿ ತಲೆ ತಗ್ಗಿಸಿ ಎಳೆ ಕಟ್ಟುವವನ ಹಾಗೆ ಕೂತಿದ್ದ. ಯಾವ ಎಳೆಯೂ ಹರಿದಿರಲಿಲ್ಲ.

ಪಾತಮ್ಮ ಅಂದಿದ್ದರೆ ಲೋಟ ಅವಳ ತಲೆ ಮೇಲೆ ಸುರಿಯುತ್ತಿದ್ದೆ. ಇವಳಿಗೆ ಏನು ಮಾಡಲಿ? ಕೂದಲೆಲ್ಲ ಉದುರಿ ಸೆರಗು ಹೊದ್ದು ಕೂತವಳು. ಒಂದು ಗುಟುಕಲ್ಲ, ಅಷ್ಟನ್ನೂ ನಿಂತಲ್ಲೇ ಕುಡಿದೆ.

“ಅಕ್ಕ, ಸಿಟ್ಟಾಗಬ್ಯಾಡ, ನಂಗೆ ತಲೆನೋವಲ್ಲಿ ಏನೇನೋ...” ಅಂತ ಮಾಲಾ ಅಳಲು ಶುರು ಮಾಡಿದಳು.

“ಅಳಬ್ಯಾಡ. ತಲೆ ಇನ್ನೂ ನೋಯ್ತೈತೆ,” ಅಂದೆ.

ಹೊಸ ಮಾತ್ರೆಯ ಹಾಳೆ, ಇಸಬ್‌ಗೋಲ್ ಡಬ್ಬಿ, ಆಸ್ಪತ್ರೆಯ ಚೀಟಿ ಮೂರನ್ನೂ ತಂದು ಮಗ್ಗದ ಪಕ್ಕ ಜಂಪಣ್ಣನ ಮುಂದೆ ಇಟ್ಟೆ.

“ನಿನ್ನ ಕೈಯಾರೆ ಕೊಡು. ಬಿಸಿನೀರಲ್ಲಿ ಎರಡು ಚಮಚ, ಕಲಸಿದ ಕೂಡ್ಲೇ ಕುಡಿಸ್ಬೇಕು. ಮ್ಯಾಲೊಂದು ಲೋಟ ಬರೀ ನೀರು. ನಾಳೆ ಸಂಜೆಗೂ ಹೊಟ್ಟೆ ಹೋಗ್ಲಿಲ್ಲ ಅಂದ್ರೆ ಚಳ್ಳಕೆರೆಗೆ ಕರ್ಕೊಂಡು ಹೋಗು, ನಿಮ್ಮತ್ತೆ ಮಾತು ಕೇಳ್ಕೊಂಡು ಕೂರಬ್ಯಾಡ. ನಾಕನೇ ಇಂಜೆಕ್ಷನ್ನಿಗೆ ಮಗ್ಗ ನಿಲ್ಸಿ ನೀನೇ ಹೋಗ್ಬೇಕು. ತಪ್ಪಿಸಿದ್ಯೋ, ನಿನ್ನ ಸುಮ್ನೆ ಬಿಡಲ್ಲ.”

“ಈಗ ಎಲ್ಲಿಗ್ ಹೋಗ್ತೀಯಕ್ಕ? ಅವಳೇನೋ ನೋವಲ್ಲಿ ಅಂದ್ಳು...”

“ಅವಳು ನೋವಲ್ಲಿ ಅಂದ್ಳು. ನಿಂಗೆಲ್ಲಿ ನೋಯ್ತಿತ್ತು?”

ಎರಡು ಸೀರೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ನಿಂಗಕ್ಕನ ಜಗಲಿಯಲ್ಲಿ ಪಾತಮ್ಮ ಕೂತಿದ್ದಳು, ನನ್ನನ್ನು ಕಂಡು ಎದ್ದು ನಿಂತಳು. ನಾನು ನಿಲ್ಲದೆ ದಾಟಿ ಹೋದೆ. ಹಿಂದಿನಿಂದ ಜಂಪಣ್ಣ ರಸ್ತೆವರೆಗೂ ಬಂದು ಎರಡು ಸಲ ಕೂಗಿದ. ಚಳ್ಳಕೆರೆ ಬಸ್ಸು ಬಂತು, ಹತ್ತಿದೆ. ಆಮೇಲೆ ಆ ಮನೆಯ ಹೊಸಿಲು ನಾನು ತುಳಿದಿಲ್ಲ.